ಬಹುವಚನ

“‘ದೇ ಕಮ್ ಹೋಮ್ ಅಟ್ ಸಿಕ್ಸ್’ ಅಂದರೆ ಎಷ್ಟು ಮಂದಿ ಬರುತ್ತಾರೆ, ವಿಶಾಲಾಕ್ಷಿಗಾರೂ?” ಎಂದು ಮಾಣಿಕ್ಯಾಂಬ ಟೀಚರ್ ಕೇಳಿದ್ದೇ ತಡ, ಗಾಜುವಾಕ ಎಂಬ ತೆಲುಗು ಊರಿನ ಆ ಹೆಂಗಸರ ಇಂಗ್ಲಿಷ್ ಕ್ಲಾಸು ಗೊಳ್ಳೆಂದು ನಕ್ಕಿತು. ‘ನಮ್ಮ ಮನೆಯ ಸಂಜೆ’ ಎಂದು ಬರೆದು ತಂದ ನೋಟ್‌ಬುಕ್ ಹಿಡಿದು ನಿಂತಿದ್ದ ವಿಶಾಲಾಕ್ಷಿಯೂ ನಕ್ಕಳು. “ಒಬ್ಬರೇ ಟೀಚರ್, ನಮ್ಮ ಮನೆಯವರು.” ಮೈಸೂರಿನಿಂದ ಮದುವೆಯಾಗಿ ಬಂದ ಈ ಹನ್ನೆರಡು ವರ್ಷದಲ್ಲಿ ಗಂಡನನ್ನು ಅವಳು ಮನಸ್ಸಿನೊಳಗೂ ಏಕವಚನದಲ್ಲಿ ಕರೆದವಳಲ್ಲ.

“ಇಂಗ್ಲಿಷಿನಲ್ಲಿ ಗಂಡನಾದರೂ ‘ಹಿ’ನೇ ಅಮ್ಮಾ. ಎಲ್ಲ ಕಡೆ ತಿದ್ದಿಕೊಂಡು ಓದಿ.”

ತಿದ್ದಿಕೊಂಡು ಓದಿದಳು. “ಹಿ ಕಮ್ಸ್ ಹೋಮ್ ಅಟ್ ಸಿಕ್ಸ್. ಹಿ ಆಸ್ಕ್ಸ್ ಫಾರ್ ಕಾಫಿ. ಹಿ ಥ್ರೋಸ್ ದಿ ಹಾಟ್ ಕಾಫಿ ಆನ್ ಮಿ.”

ನಗು ನಿಂತುಹೋಯಿತು. ವಿಶಾಲಾಕ್ಷಿ ಆ ಸಾಲನ್ನು ಮತ್ತೊಮ್ಮೆ ನೋಡಿದಳು. ಬರೆಯುವಾಗ ಅದು ಮನೆಯಲ್ಲಿ ದಿನಾ ನಡೆಯುವ ಒಂದು ಸಂಗತಿಯಾಗಿತ್ತು, ಅಷ್ಟೆ. ಈಗ ಆ ಲೋಟದ ಹಿಂದೆ ಒಬ್ಬ ಗಂಡಸು ನಿಂತಿದ್ದ.

ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು. ನಿಮ್ಮವರು ಬಂದರು ಎಂದು ಪಕ್ಕದವಳು ತೆಲುಗಿನಲ್ಲಿ ಪಿಸುಗುಟ್ಟಿದಳು.

“ಹೂಂ,” ಎಂದಳು ವಿಶಾಲಾಕ್ಷಿ, ಕನ್ನಡದಲ್ಲಿ. “ಬಂದ.”