ಎರಡು ಜೊತೆ ಪೆಡಲ್

"ಗಾಳಿ ಎಡಗಡೆಯಿಂದ ಬಿಟ್ಟುಬಿಟ್ಟು ಹೊಡೀತಿದೆ. ಬೇಡ ಅನ್ಸಿದ್ರೆ ಹೇಳು, ವಾಪಸ್ ಹೋಗೋಣ," ಎಂದಳು ಅಕ್ಕ. ರನ್‌ವೇಯ ತುದಿಯಲ್ಲಿ ಎರಡು ಸೀಟಿನ ಪುಟ್ಟ ವಿಮಾನ ನಿಂತಲ್ಲೇ ಅಲುಗಾಡುತ್ತಿತ್ತು.

"ಮುಂದಿನ ವಾರ ಪರೀಕ್ಷೆ ದಿನ ಗಾಳಿ ನಿನ್ನ ಕೇಳ್ಕೊಂಡು ಬೀಸುತ್ತಾ?" ತಂಗಿ ಎಂಜಿನ್ನಿನ ವೇಗ ಏರಿಸಿದಳು.

"ಸರಿ, ನಾನು ಕೈಕಟ್ಟಿ ಕೂತಿರ್ತೀನಿ. 'ನನ್ನ ಕೈಗೆ' ಅಂದ್ರೆ ಮಾತ್ರ ನೀನು ಪೂರ್ತಿ ಬಿಡ್ಬೇಕು."

ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಹಾರಿಸಲು ಕಲಿಸುವುದೇ ಅಕ್ಕನ ಕೆಲಸ; ಕಲಿಸುವವರು ಪ್ರತಿ ಸಲ ಒಪ್ಪಿಸುವ ಪಾಠ ಅದು. ಅಕ್ಕನ ಕಾಲ ಬಳಿಯೂ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಒಂದು ಜೊತೆ ಪೆಡಲ್ ಇತ್ತು. ಒಬ್ಬರು ತುಳಿದರೆ ಇನ್ನೊಬ್ಬರದೂ ಇಳಿಯುತ್ತದೆ. ಆದರೆ ತಂಗಿಗೆ ಸೈಕಲ್ ಕಲಿಸುವಾಗ "ಬಿಟ್ಟಿದ್ದೀನಿ ಕಣೇ" ಎನ್ನುತ್ತಲೇ ಸೀಟು ಹಿಡಿದು ಬೀದಿಯುದ್ದ ಓಡಿದವಳು ಇವಳು.

ವಿಮಾನ ಓಡಿತು. ಚಕ್ರ ನೆಲ ಬಿಡಬೇಕು ಎನ್ನುವಷ್ಟರಲ್ಲಿ ಗಾಳಿ ರಪ್ಪನೆ ಬಡಿದು ಮೂಗನ್ನು ಎಡಕ್ಕೆ ಎಳೆಯಿತು. ಅಕ್ಕ 'ನನ್ನ ಕೈಗೆ' ಅನ್ನಲಿಲ್ಲ. ಬಲಗಡೆಯ ಪೆಡಲ್ ಇಳಿಯಿತು, ಬೇಕಾದ್ದಕ್ಕಿಂತ ಜಾಸ್ತಿಯೇ ಇಳಿಯಿತು. ಮೂಗು ಗರಕ್ಕನೆ ಬಲಕ್ಕೆ ತಿರುಗಿ, ಎಡರೆಕ್ಕೆ ಎದ್ದು, ಬಲರೆಕ್ಕೆಯ ತುದಿ ನೆಲ ಕೆರೆಯಿತು. ಆಮೇಲೆ ಬರೀ ಹುಲ್ಲು, ಧೂಳು.

"ಪೆಟ್ಟಾಯ್ತೇನೇ?"

"ಇಲ್ಲ. ನಿಂಗೆ?"

ಅಕ್ಕ ಅವಳ ತೋಳು ಹಿಡಿದು ಹೊರಗೆಳೆದಳು.

ಅಷ್ಟರಲ್ಲಿ ಕ್ಲಬ್ಬಿನ ಹಿರಿಯ ಪೈಲಟ್, ಎಲ್ಲರ ದೊಡ್ಡಮೇಷ್ಟ್ರು, ಜೀಪಿನಿಂದ ಇಳಿದರು. ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಉಸಿರು ಬಿಟ್ಟು, ಸೊಟ್ಟಗಾದ ರೆಕ್ಕೆಯ ಕಡೆ ತಿರುಗಿದರು. ಅವರು ಏನು ಕೇಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ತಪ್ಪು ತಂಗಿಯದಾದರೆ ಅವಳ ಪರೀಕ್ಷೆ ಹೋಯಿತು. ಅಕ್ಕನದಾದರೆ ಅವಳ ಕೆಲಸ.

"ಕಂಟ್ರೋಲು ಯಾರ ಕೈಲಿತ್ತು?"

"ನನ್ನ ಕೈಲಿ," ಎಂದರು ಇಬ್ಬರೂ, ಒಟ್ಟಿಗೇ.

"ಅವಳ ಮಾತು ಕೇಳ್ಬೇಡಿ ಮೇಷ್ಟ್ರೇ, ಬಲಕ್ಕೆ ತುಳಿದಿದ್ದು ನಾನು," ಎಂದಳು ಅಕ್ಕ.

"ಇಲ್ಲ, ನಾನೇ ತುಳಿದಿದ್ದು," ಎಂದ ತಂಗಿ ತಟ್ಟನೆ ಅಕ್ಕನ ಮುಖ ನೋಡಿದಳು.

ದೊಡ್ಡಮೇಷ್ಟ್ರು ಇಬ್ಬರ ಕಾಲುಗಳತ್ತ ನೋಡಿದರು. "ಇಬ್ರೂ ನಿಜಾನೇ ಹೇಳ್ತಿದೀರಮ್ಮ. ಅದಕ್ಕೇ ವಿಮಾನ ಹುಲ್ಲಲ್ಲಿ ಬಿದ್ದಿದೆ. ಇಬ್ರೂ ಸ್ವಲ್ಪ ದಿನ ನೆಲದ ಮೇಲೇ ಇರಿ."

ಅವರು ಜೀಪಿನತ್ತ ನಡೆದರು. ತಂಗಿಯ ಕಣ್ಣು ತುಂಬಿತ್ತು.

"ತೋಳು ಬಿಡಕ್ಕ, ನೋಯ್ತಿದೆ."

"ಬಿಟ್ಟಿದ್ದೀನಿ ಕಣೇ," ಎಂದಳು ಅಕ್ಕ, ಹಿಡಿತ ಸಡಿಲಿಸದೆ.