ಓದು ಬಾರದ ಕೂಸಪ್ಪ

"ಧನಿಗಳೇ, ಮೂರನೇ ಪ್ರಶ್ನೆಯೇ ನಾಲ್ಕನೆಯದಾಗಿಯೂ ಬಿದ್ದಿದೆ," ಎಂದು ಅಚ್ಚಿನ ಯಂತ್ರದ ಪೆಡಲು ತುಳಿಯುತ್ತಿದ್ದ ಕೂಸಪ್ಪ ಕಾಲು ನಿಲ್ಲಿಸಿ ಹೇಳಿದ.

ಪ್ರೆಸ್ಸಿನ ಧನಿ ಧರ್ಣಪ್ಪನವರು ಹಾಳೆ ಕಸಿದುಕೊಂಡು ನೋಡಿದರು. ಹೌದು, ಒಂದೇ ಪ್ರಶ್ನೆ ಎರಡು ಸಲ. ಅಚ್ಚಿನ ಅಕ್ಷರದ ಮೊಳೆ ಜೋಡಿಸಿದವರೂ ಅವರೇ, ಕರಡು ತಿದ್ದಿದವರೂ ಅವರೇ. ನಾಚಿಕೆಯಾಯಿತು. ಆ ನಾಚಿಕೆ ಇಳಿಯುವ ಮೊದಲೇ ಇನ್ನೊಂದು ಸಂಗತಿ ಹೊಳೆಯಿತು. ಕೂಸಪ್ಪನಿಗೆ ಓದಲು ಬರುವುದಿಲ್ಲವಲ್ಲ!

ಬರುವುದಿಲ್ಲವೆಂದೇ ತಾನೇ ಐವತ್ತನೇ ಇಸವಿಯಿಂದ ಈ ಹನ್ನೊಂದು ವರ್ಷ ಈ ಕೆಲಸಕ್ಕೆ ಅವನೊಬ್ಬನೇ ಆಗಿದ್ದದ್ದು. ಮೂಡುಬಿದಿರೆ ಸುತ್ತಲಿನ ಶಾಲೆಗಳ ಎಂಟನೇ ತರಗತಿಯ ಪ್ರಶ್ನೆಪತ್ರಿಕೆ ಅಚ್ಚಾಗುವ ದಿನ ಪ್ರೆಸ್ಸಿನ ಉಳಿದವರಿಗೆಲ್ಲ ರಜೆ. ಬಾಗಿಲಿಗೆ ಚಿಲಕ. ಕೆಟ್ಟ ಹಾಳೆಯೆಲ್ಲ ಬಚ್ಚಲೊಲೆಗೆ. "ನಮ್ಮಲ್ಲಿಂದ ಒಂದು ಅಕ್ಷರ ಹೊರಗೆ ಹೋಗಲಿಕ್ಕಿಲ್ಲ," ಎಂದು ಹೆಡ್‌ಮಾಸ್ತರರ ಮುಂದೆ ಮೀಸೆ ತಿರುವಿ ಬಂದಿದ್ದರು ಧರ್ಣಪ್ಪನವರು. ಸಾಲದ್ದಕ್ಕೆ ಕೂಸಪ್ಪನ ಮಗಳು ಅಮ್ಮಣಿ ಸೋಮವಾರ ಇದೇ ಪರೀಕ್ಷೆಗೆ ಕೂರುವವಳು. ಹೊರಗೆ ತಿಳಿದರೆ ಪ್ರೆಸ್ಸಿನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು.

"ನಿನಗೆ ಓದಲಿಕ್ಕೆ ಯಾವಾಗ ಬಂತು ಮಾರಾಯ?"

"ಹೋದ ದೀಪಾವಳಿ ಕಳೆದ ಮೇಲೆ. ಅಮ್ಮಣಿ ಪಾಠ ಒಪ್ಪಿಸುವಾಗ ನಾನು ಪುಸ್ತಕ ಹಿಡಿದು ಕೂರುವುದು. ಒಂದು ದಿನ ತಲೆಕೆಳಗೆ ಹಿಡಿದಿದ್ದೆ, ಬಿದ್ದು ಬಿದ್ದು ನಗಾಡಿದಳು. ಮತ್ತೆ ಅವಳೇ ಕಲಿಸಿದಳು."

"ಈಗ ಎಷ್ಟು ಓದಿದೆ?"

"ಮೇಲಿನ ನಾಲ್ಕು. ಓದಬಾರದು ಅಂತ ಬೇರೆ ಕಡೆ ನೋಡಿದೆ. ಒಮ್ಮೆ ಕಲಿತ ಮೇಲೆ ಕಣ್ಣಿಗೆ ಬಿದ್ದದ್ದನ್ನು ಓದದೆ ಇರಲಿಕ್ಕೆ ಆಗುವುದಿಲ್ಲ ಧನಿಗಳೇ."

ಧರ್ಣಪ್ಪನವರು ಸ್ಟೂಲಿನ ಮೇಲೆ ಕುಳಿತರು. ಬೈಯಲು ಹೊರಟವರು ಯೋಚಿಸಿದರು. ಇವನು ಸುಮ್ಮನೆ ಪೆಡಲು ತುಳಿಯುತ್ತಿದ್ದರೆ ಓದು ಬಂದದ್ದು ಯಾರಿಗೆ ತಿಳಿಯುತ್ತಿತ್ತು? ತಪ್ಪು ಪತ್ರಿಕೆ ಶಾಲೆ ಶಾಲೆಗೂ ಹೋಗಿ, ಮಂಗಳಾರತಿ ಆಗುತ್ತಿದ್ದದ್ದು ತಮಗೇ.

"ನಾನು ಸೋಮವಾರದವರೆಗೆ ಮನೆಗೆ ಹೋಗುವುದಿಲ್ಲ, ಇಲ್ಲೇ ಇರ್ತೇನೆ," ಎಂದ ಕೂಸಪ್ಪ. "ಹೋದರೆ ಅವಳು ಪುಸ್ತಕ ತಂದು ಕೈಯಲ್ಲಿ ಕೊಡ್ತಾಳೆ. ನಾನು ಬಾಯಿ ಬಿಡಲಿಕ್ಕಿಲ್ಲ. ಆದರೆ ಆ ಪಾಠ ಬಂದಾಗ ನನ್ನ ಮುಖ ಸುಮ್ಮನೆ ಇರುವುದಿಲ್ಲ. ನನ್ನ ಮುಖ ನೋಡಿಯೇ ಎಲ್ಲ ಹೇಳುವವಳು ಅವಳು."

ಧರ್ಣಪ್ಪನವರಿಗೆ ಹೋದ ಜೀವ ಬಂದಂತಾಯಿತು. ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡರು. "ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ ಉಂಟು ಅಂತ ನಿನ್ನ ಹೆಂಡತಿ ಸೇಸಮ್ಮನಿಗೆ ಹೇಳಿ ಕಳಿಸ್ತೇನೆ. ನಿನಗೆ ಊಟ ನಮ್ಮ ಮನೆಯಿಂದ ಬರ್ತದೆ," ಎಂದರು. ಈ ಮನುಷ್ಯನನ್ನು ಓದು ಬಾರದವನೆಂಬ ಕಾರಣಕ್ಕೆ ಮಾತ್ರ ಇಷ್ಟು ವರ್ಷ ನಂಬಿದ್ದೆನಲ್ಲ ಎಂದು ಅವರಿಗೆ ಒಳಗೊಳಗೇ ಪಿಚ್ಚೆನಿಸಿತು.

ಅಚ್ಚಾದ ನಲವತ್ತು ಹಾಳೆ ಒಲೆ ಸೇರಿತು. ಧರ್ಣಪ್ಪನವರು ಹೆಡ್‌ಮಾಸ್ತರರ ಕೈಬರಹ ನೋಡಿ, ಬಿಟ್ಟುಹೋಗಿದ್ದ ನಾಲ್ಕನೇ ಪ್ರಶ್ನೆಯ ಮೊಳೆ ಜೋಡಿಸಿದರು. ಹೊಸ ಕರಡು ತೆಗೆದು ಕೂಸಪ್ಪನ ಕೈಗೆ ಕೊಟ್ಟರು.

"ನೀನೇ ಓದು. ನನ್ನ ಕಣ್ಣನ್ನು ಇನ್ನು ನಂಬುವ ಹಾಗಿಲ್ಲ."

ಕೂಸಪ್ಪ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತ ಬಂದ. "ನಾಲ್ಕು. ಶೇರ್‌ಶಹನ ಕಂದಾಯ ಪದ್ಧತಿಯನ್ನು ವಿವರಿಸಿರಿ." ಬೆರಳು ಅಲ್ಲೇ ನಿಂತಿತು.

"ಏನು, ತಪ್ಪು ಉಂಟಾ?"

"ತಪ್ಪಿಲ್ಲ. ಇದು ಅಮ್ಮಣಿಗೆ ಬರುವುದಿಲ್ಲ," ಎಂದ ಕೂಸಪ್ಪ, ಬೆರಳನ್ನು ಐದನೇ ಪ್ರಶ್ನೆಗೆ ಇಳಿಸಿದ.