ಮೂರನೇ ತಿರುವಿನಲ್ಲಿ ‘ನಾಳೆ ಬಾ’

ಆ ರೇಸ್ ಟ್ರ್ಯಾಕಿಗೆ ನೆನಪಿತ್ತು. ಒಬ್ಬ ಬಿದ್ದ ಜಾಗಕ್ಕೆ ಮುಂದಿನವರ ಚಕ್ರವನ್ನೂ ಎಳೆಯುತ್ತಿತ್ತು. ಅದಕ್ಕೇ ಯಾರು ಬಿದ್ದರೂ ಆ ಜಾಗದ ಡಾಂಬರು ಕಿತ್ತು ಹೊಸದು ಹಾಕುವುದು ವಾಡಿಕೆ. ತಮ್ಮ ಬೆಳ್ಯಪ್ಪ ಮೂರನೇ ತಿರುವಿನಲ್ಲಿ ಸತ್ತ ಮೇಲೆ ದೇಚಮ್ಮ ಡಾಂಬರು ಬದಲಿಸಿ ಎಂದು ಟ್ರ್ಯಾಕಿನ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಮ್ಯಾನೇಜರ್ ಪ್ರತಿಸಲವೂ “ನಾಳೆ ಬಾಮ್ಮ” ಎಂದೇ ಕಳಿಸಿದ್ದ.

ತಾನೂ ಬೈಕ್ ಓಡಿಸಬೇಕಿದ್ದ ರೇಸಿನ ದಿನ ಹೋಗಿ ನೋಡಿದರೆ ಅದೇ ಹಳೆ ಡಾಂಬರು. ಅದರ ಮೇಲೆ ಸುಣ್ಣದಲ್ಲಿ ದಪ್ಪಗೆ ‘ನಾಳೆ ಬಾ’ ಎಂದು ಬರೆದಿತ್ತು.

“ನಮ್ಮಜ್ಜಿ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ಹೀಗೇ ಬರೀತಿದ್ರು. ಓದಿ ವಾಪಸ್ ಹೋಗುತ್ತೆ,” ಎಂದ ಮ್ಯಾನೇಜರ್.

“ದೆವ್ವ ದಿನಾ ಓದಿ ದಿನಾ ಮರೆಯುತ್ತೆ ಸರ್. ಈ ಟ್ರ್ಯಾಕು ಏನನ್ನೂ ಮರೆಯಲ್ಲ. ಯಾವತ್ತು ಬರೆಸಿದ್ರಿ?”

“ನಿನ್ನೆ.”

ಮೈಕಿನಲ್ಲಿ ದೇಚಮ್ಮನ ನಂಬರ್ ಕೂಗಿದರು.